ಯೂರಿಯಾನೂ ಆರ್ಗ್ಯಾನಿಕ್ಕೇ! ಒಂದೇ ಪದ, ಊರಿಗೊಂದು ಲೆಕ್ಕ

ಕೆಮಿಸ್ಟ್ರಿ ಮೇಷ್ಟ್ರನ್ನು ಕೇಳಿ, ಯೂರಿಯಾ ಆರ್ಗ್ಯಾನಿಕ್ ಅನ್ನುತ್ತಾರೆ. ಸಾವಯವ ಕೃಷಿಕರನ್ನು ಕೇಳಿ, ಯೂರಿಯಾ ಹೊಲದ ಬದು ದಾಟೋ ಹಾಗೇ ಇಲ್ಲ ಅನ್ನುತ್ತಾರೆ. ಇನ್ನು ಮಲೆನಾಡಿನ ಅಡಿಕೆ ತೋಟಕ್ಕೆ ಬನ್ನಿ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅಂದರೆ ಮೈಲುತುತ್ತ ಮತ್ತು ಸುಣ್ಣ. ಎರಡೂ ಅಪ್ಪಟ ಖನಿಜ. ಕೆಮಿಸ್ಟ್ರಿ ಪುಸ್ತಕದ ಪ್ರಕಾರ ಇನ್‌ಆರ್ಗ್ಯಾನಿಕ್. ಆದರೆ ಸಾವಯವ ಸರ್ಟಿಫಿಕೇಟ್ ಇರುವ ತೋಟದಲ್ಲೂ ಮಿತಿಯೊಳಗೆ ಅದನ್ನು ಹೊಡೆಯಬಹುದು! ಹಾಗಾದರೆ ಮೇಷ್ಟ್ರು ತಪ್ಪಾ, ಕೃಷಿಕರು ತಪ್ಪಾ? ಯಾರದ್ದೂ ತಪ್ಪಿಲ್ಲ. ಬಾಯಲ್ಲಿ ಬರುವ ಪದ ಒಂದೇ, ತಲೆಯಲ್ಲಿರುವ ಲೆಕ್ಕ ಬೇರೆ ಬೇರೆ.

ಈ ಪದ ಈಗ ಎಲ್ಲಿಲ್ಲ ಹೇಳಿ. ಬೆಲ್ಲದ ಪೊಟ್ಟಣದ ಮೇಲಿದೆ, ಶಾಂಪೂ ಬಾಟಲಿ ಮೇಲಿದೆ, ಮಗುವಿನ ಅಂಗಿಯ ಲೇಬಲ್ಲಿನಲ್ಲಿದೆ. ಡಾಕ್ಟರ ಬಾಯಲ್ಲಿ ಬರುತ್ತದೆ, ಯೂಟ್ಯೂಬ್ ಚಾನೆಲ್ ನಡೆಸುವವರ ಮಾತಿನಲ್ಲಿ ಬರುತ್ತದೆ, ಆಕಾಶಕಾಯಗಳ ಸುದ್ದಿಯಲ್ಲೂ ಬರುತ್ತದೆ. ಇಷ್ಟು ಕಡೆ ಓಡಾಡುವ ಪದಕ್ಕೆ ಒಂದೇ ಅರ್ಥ ಹುಡುಕಲು ಹೋದರೆ ತಲೆ ಕೆಡುತ್ತದೆ ಅಷ್ಟೇ. ಅದರ ಬದಲು ಒಂದು ಪ್ರಶ್ನೆ ಹಾಕಿಕೊಳ್ಳಿ: ಇವರ ಲೆಕ್ಕದಲ್ಲಿ ಆರ್ಗ್ಯಾನಿಕ್ ಅಲ್ಲದ್ದು ಯಾವುದು? ಕೆಮಿಸ್ಟ್ರಿಯಲ್ಲಿ ಅದು ಕಲ್ಲು, ಉಪ್ಪು, ಲೋಹ. ಕೃಷಿಯಲ್ಲಿ ಮೂಟೆ ಗೊಬ್ಬರ ಮತ್ತು ಕೀಟನಾಶಕ. ಇಂಟರ್‌ನೆಟ್ಟಿನಲ್ಲಿ ದುಡ್ಡು ಕೊಟ್ಟು ಮಾಡಿಸಿದ ಪ್ರಚಾರ. ಎದುರಿಗೆ ನಿಂತಿರೋದು ಬದಲಾದ ಹಾಗೆ ಪದದ ಅರ್ಥವೂ ಬದಲಾಗುತ್ತದೆ.

ಮೂಲ ಸ್ವಲ್ಪ ನೋಡಿಬಿಡೋಣ, ಯಾಕೆಂದರೆ ಗೊಂದಲ ಶುರುವಾಗೋದು ಅಲ್ಲೇ. ಗ್ರೀಕ್ ಭಾಷೆಯ ‘ಆರ್ಗನಾನ್’ ಅಂದರೆ ಉಪಕರಣ, ಕೆಲಸದ ಸಾಧನ. ಚರ್ಚಿನಲ್ಲಿ ನುಡಿಸುವ ಆರ್ಗನ್ನೂ ಅಲ್ಲಿಂದಲೇ ಬಂದದ್ದು, ದೇಹದ ಆರ್ಗನ್ನೂ ಅಲ್ಲಿಂದಲೇ. ಕಣ್ಣು ನೋಡುವ ಸಾಧನ, ಕೈ ಹಿಡಿಯುವ ಸಾಧನ, ಹಾಗಾಗಿ ಅವು ಅಂಗಗಳು. ಅಂಗಗಳೆಲ್ಲ ಕೂಡಿ ನಡೆಯುವ ಜೀವಿ ಆರ್ಗನಿಸಂ. ಕನ್ನಡದ ‘ಸಾವಯವ’ವೂ ಇದೇ ಜಾಡಿನದ್ದು, ಅವಯವ ಇರುವಂಥದ್ದು ಅಂತ. ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಒಂದು ಕವಲು ‘ಜೀವಿಯ ದೇಹದಲ್ಲಿ ಸಿಗುವ ವಸ್ತು’ ಅನ್ನುವ ಕಡೆ ಹೋಯಿತು. ಇನ್ನೊಂದು ‘ಜೀವಿಯ ಅಂಗಗಳ ಹಾಗೆ ಒಂದಕ್ಕೊಂದು ಹೊಂದಿಕೊಂಡು ನಡೆಯುವ ವ್ಯವಸ್ಥೆ’ ಅನ್ನುವ ಕಡೆ ಹೋಯಿತು. ಕೆಮಿಸ್ಟ್ರಿ ಮೊದಲನೇ ದಾರಿ ಹಿಡಿಯಿತು, ಕೃಷಿ ಎರಡನೇ ದಾರಿ. ನಾವು ಇವೆರಡನ್ನೂ ಒಂದೇ ಅಂದುಕೊಂಡು ಜಗಳ ಆಡುತ್ತಿದ್ದೇವೆ.

ಕೆಮಿಸ್ಟ್ರಿಯ ಕತೆ ಚೆನ್ನಾಗಿದೆ. 19ನೇ ಶತಮಾನದ ಶುರುವಿನಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಥರದ ದೊಡ್ಡ ವಿಜ್ಞಾನಿಗಳು ವಸ್ತುಗಳನ್ನು ಎರಡು ಗುಂಪು ಮಾಡಿದ್ದರು. ಗಿಡ, ಪ್ರಾಣಿಗಳಿಂದ ಬರುವ ಸಕ್ಕರೆ, ಎಣ್ಣೆ, ಮೂತ್ರದಲ್ಲಿರುವ ಯೂರಿಯಾ ಇವೆಲ್ಲ ಆರ್ಗ್ಯಾನಿಕ್. ನೆಲದಿಂದ ಅಗೆದು ತೆಗೆಯುವ ಉಪ್ಪು, ಅದಿರು ಇವೆಲ್ಲ ಇನ್‌ಆರ್ಗ್ಯಾನಿಕ್. ಮೊದಲನೇ ಗುಂಪಿನವನ್ನು ಲ್ಯಾಬಿನಲ್ಲಿ ಮಾಡಲು ಆಗೋದೇ ಇಲ್ಲ, ಅದಕ್ಕೆ ಒಂದು ‘ಜೀವಶಕ್ತಿ’ ಬೇಕು ಅನ್ನುವ ನಂಬಿಕೆ ಆಗ ಗಟ್ಟಿಯಾಗಿತ್ತು. 1828ರಲ್ಲಿ ಬರ್ಜೀಲಿಯಸ್ ಅವರ ಶಿಷ್ಯರೇ ಆಗಿದ್ದ ಫ್ರೆಡ್ರಿಕ್ ವೋಲರ್ ಬರ್ಲಿನ್ನಿನಲ್ಲಿ ಅಮೋನಿಯಂ ಸಯನೇಟ್ ಮಾಡಲು ಹೊರಟರು. ಕೈಗೆ ಸಿಕ್ಕಿದ್ದು ಯೂರಿಯಾ! ಖುಷಿ ತಡೆಯಲಾಗದೆ ಗುರುಗಳಿಗೆ ಕಾಗದ ಬರೆದರು. ಮೂತ್ರಪಿಂಡ ಬೇಡ, ಮನುಷ್ಯ ಬೇಡ, ನಾಯಿನೂ ಬೇಡ, ನಾನು ಯೂರಿಯಾ ಮಾಡಬಲ್ಲೆ ಅನ್ನುವುದು ಅದರ ಸಾರಾಂಶ. ಒಂದೇ ಪ್ರಯೋಗಕ್ಕೆ ಜೀವಶಕ್ತಿಯ ನಂಬಿಕೆ ಬಿದ್ದುಹೋಯಿತು ಅಂತ ಶಾಲೆಯಲ್ಲಿ ಹೇಳುತ್ತಾರೆ, ಅದು ಅಷ್ಟು ಸಲೀಸಾಗಿ ಆಗಲಿಲ್ಲ. ಇನ್ನೂ ಕೆಲವು ದಶಕ, ಇನ್ನೂ ಕೆಲವರ ಪ್ರಯೋಗಗಳು ಬೇಕಾದವು. ಆದರೆ ಗೋಡೆ ಬಿರುಕು ಬಿಟ್ಟಿತ್ತು.

ಕೊನೆಗೆ ಕೆಮಿಸ್ಟ್ರಿಯವರು ‘ಜೀವಿಯಿಂದ ಬಂದದ್ದು’ ಅನ್ನುವ ಷರತ್ತನ್ನು ಕೈಬಿಟ್ಟರು, ಪದವನ್ನು ಮಾತ್ರ ಇಟ್ಟುಕೊಂಡರು. ಈಗ ಅಲ್ಲಿ ಆರ್ಗ್ಯಾನಿಕ್ ಅಂದರೆ ಸರಿಸುಮಾರು ಇಂಗಾಲದ ಸಂಯುಕ್ತ, ಅಷ್ಟೇ. ಇಂಗಾಲದ ಪರಮಾಣುವಿಗೆ ನಾಲ್ಕು ಕೈ. ತನ್ನಂಥದೇ ಪರಮಾಣುಗಳ ಕೈ ಹಿಡಿದು ಉದ್ದ ಸರಪಳಿ, ಉಂಗುರ, ಬಲೆ ಏನು ಬೇಕಾದರೂ ಕಟ್ಟಿಕೊಳ್ಳುತ್ತದೆ. ಇಷ್ಟು ವಿಧದ ಸಂಯುಕ್ತಗಳಿಗೆ ಬೇರೆಯೇ ಒಂದು ಶಾಸ್ತ್ರ ಬೇಕಾಯಿತು. ಗಡಿ ಅಷ್ಟೇನೂ ಶಿಸ್ತಾಗಿಲ್ಲ ಅನ್ನಿ. ನಾವು ಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡಿನಲ್ಲಿ ಇಂಗಾಲ ಇದೆ, ಸುಣ್ಣದಕಲ್ಲಿನಲ್ಲೂ ಇದೆ. ಆದರೂ ಹಳೇ ರೂಢಿಯ ಪ್ರಕಾರ ಅವು ಇನ್‌ಆರ್ಗ್ಯಾನಿಕ್ ಕಡೆಯೇ ಉಳಿದಿವೆ.

ಈ ಲೆಕ್ಕದಲ್ಲಿ ಪೆಟ್ರೋಲ್, ಗ್ಯಾಸ್ ಸಿಲಿಂಡರಿನ ಎಲ್‌ಪಿಜಿ, ತರಕಾರಿ ತರುವ ಪ್ಲಾಸ್ಟಿಕ್ ಕವರ್, ಪ್ಯಾರಾಸಿಟಮಾಲ್ ಎಲ್ಲವೂ ಆರ್ಗ್ಯಾನಿಕ್. ಕೀಟನಾಶಕಗಳ ಹೆಸರನ್ನೇ ನೋಡಿ: ಆರ್ಗನೋಫಾಸ್ಫೇಟ್, ಆರ್ಗನೋಕ್ಲೋರಿನ್. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೂಡ ಆರ್ಗನೋಕ್ಲೋರಿನ್ನೇ. ಕೊಕ್ಕಡ, ಪಟ್ರಮೆ ಕಡೆಯ ಮನೆಗಳು ಅದರ ಹೊರೆ ಇವತ್ತಿಗೂ ಹೊರುತ್ತಿವೆ. ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿದ್ದು 2011ರಲ್ಲಿ. ಅಂದರೆ ಕೆಮಿಸ್ಟ್ರಿಯ ‘ಆರ್ಗ್ಯಾನಿಕ್’ಗೂ ‘ಒಳ್ಳೇದು’ ಅನ್ನುವುದಕ್ಕೂ ಯಾವ ಸಂಬಂಧವೂ ಇಲ್ಲ. ಅದು ಬರೀ ವಿಳಾಸ, ನಡತೆಯ ಸರ್ಟಿಫಿಕೇಟ್ ಅಲ್ಲ.

ಸುದ್ದಿಯಲ್ಲಿ ‘ಆಕಾಶಕಾಯದಲ್ಲಿ ಆರ್ಗ್ಯಾನಿಕ್ ಕಣಗಳು ಪತ್ತೆ’ ಅಂತ ಬಂದಾಗಲೂ ಇದೇ ವಿಳಾಸ ನೆನಪಿರಲಿ. ಬೆನ್ನು ಅನ್ನುವ ಕ್ಷುದ್ರಗ್ರಹದಿಂದ ನಾಸಾದ ನೌಕೆ 2023ರಲ್ಲಿ ಮಣ್ಣು ತಂದಿತು. ನಮ್ಮ ದೇಹ ಪ್ರೊಟೀನ್ ಕಟ್ಟಲು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿ ಸಿಕ್ಕವು ಅಂತ 2025ರ ಜನವರಿಯಲ್ಲಿ ಪ್ರಕಟವಾಯಿತು. ದೊಡ್ಡ ವಿಷಯವೇ. ಆದರೆ ಟೀವಿಯಲ್ಲಿ ಅದು ‘ಜೀವ ಸಿಕ್ಕಿತು’ ಆಗಿಬಿಡುತ್ತದೆ. ಸಿಕ್ಕಿದ್ದು ಇಟ್ಟಿಗೆ, ಮನೆ ಅಲ್ಲ. ಇನ್ನು ನಿಮ್ಮ ಕೈಯಲ್ಲಿರುವ ಫೋನಿನದ್ದು ಒಎಲ್‌ಇಡಿ ಪರದೆ ಆಗಿದ್ದರೆ, ಆ ‘ಒ’ ಕೂಡ ಆರ್ಗ್ಯಾನಿಕ್ಕೇ. ಕರೆಂಟು ಹರಿದಾಗ ಬೆಳಗುವ ಇಂಗಾಲದ ಸಂಯುಕ್ತಗಳ ತೆಳು ಪದರ ಅದು. ಹಸುವಿಗೂ ಅದಕ್ಕೂ ಸಂಬಂಧ ಇಲ್ಲ.

ನಡುವೆ ಇನ್ನೊಂದು ಅರ್ಥ ಇದೆ, ದಿನಾ ಬಳಸುವಂಥದ್ದು: ಒಂದು ಕಾಲಕ್ಕೆ ಜೀವ ಇದ್ದು, ಈಗ ಕೊಳೆಯುವಂಥದ್ದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಹಸಿ ಕಸ ಗೊಬ್ಬರ ಮಾಡುವ ಯಂತ್ರಕ್ಕೆ ಆರ್ಗ್ಯಾನಿಕ್ ವೇಸ್ಟ್ ಕನ್ವರ್ಟರ್ ಅನ್ನುತ್ತಾರಲ್ಲ, ಅದು ಈ ಅರ್ಥ. ಕೆಮಿಸ್ಟ್ರಿ ಲೆಕ್ಕದಲ್ಲಿ ಪ್ಲಾಸ್ಟಿಕ್ ಕವರೂ ಆರ್ಗ್ಯಾನಿಕ್, ಆದರೆ ಅದನ್ನು ಆ ಯಂತ್ರಕ್ಕೆ ಹಾಕಿದರೆ ಹೌಸ್‌ಕೀಪಿಂಗ್‌ನವರು ಸುಮ್ನೆ ಬಿಡಲ್ಲ. ರೈತರಿಗೆ ಸಿಗುವ ಮಣ್ಣು ಆರೋಗ್ಯ ಚೀಟಿಯಲ್ಲಿರುವ ‘ಸಾವಯವ ಇಂಗಾಲ’ವೂ ಇದೇ ಅರ್ಥದ್ದು. ಎಲೆ, ಬೇರು, ಸಗಣಿ, ಹುಳು ಎಲ್ಲ ಕೊಳೆತು ಮಣ್ಣಿನಲ್ಲಿ ಉಳಿದ ಇಂಗಾಲ. 0.5 ಶೇಕಡಾಕ್ಕಿಂತ ಕಮ್ಮಿ ಇದ್ದರೆ ಕಡಿಮೆ, 0.75ಕ್ಕಿಂತ ಜಾಸ್ತಿ ಇದ್ದರೆ ಚೆನ್ನಾಗಿದೆ ಅಂತ ಲೆಕ್ಕ. ನೆನಪಿಡಿ, ಯೂರಿಯಾ ಹಾಕುವ ಹೊಲದ ಮಣ್ಣಲ್ಲೂ ಸಾವಯವ ಇಂಗಾಲ ಇರುತ್ತದೆ. ಯೂರಿಯಾ ಮುಟ್ಟದ ಬಡಪಾಯಿ ಮಣ್ಣಲ್ಲಿ ಅದು ತಳ ಮುಟ್ಟಿರಲೂಬಹುದು. ಚೀಟಿಯ ಸಾವಯವಕ್ಕೂ ಸರ್ಟಿಫಿಕೇಟಿನ ಸಾವಯವಕ್ಕೂ ನೇರ ನಂಟು ಇಲ್ಲ.

ಈಗ ಕೃಷಿಗೆ ಬರೋಣ. ಜಾಸ್ತಿ ಜಗಳ ಇರುವುದೂ ಇಲ್ಲೇ, ಜಾಸ್ತಿ ದುಡ್ಡು ಓಡಾಡುವುದೂ ಇಲ್ಲೇ.

ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ 1940ರಲ್ಲಿ ‘ಆರ್ಗ್ಯಾನಿಕ್ ಕೃಷಿ’ ಅನ್ನುವ ಮಾತನ್ನು ಬಳಸಿದಾಗ ಅವರ ತಲೆಯಲ್ಲಿ ಇಂಗಾಲ ಇರಲಿಲ್ಲ. ಹೊಲವೇ ಒಂದು ಜೀವಿ ಅನ್ನುವುದು ಅವರ ವಾದ. ಮಣ್ಣು, ದನ, ಬೆಳೆ, ಕಳೆ, ಮನುಷ್ಯ ಎಲ್ಲ ಅದರ ಅಂಗಗಳು. ಅದು ತನ್ನನ್ನು ತಾನು ಸಾಕಿಕೊಳ್ಳಬೇಕು, ಹೊರಗಿನಿಂದ ತಂದು ಸುರಿಯೋದರ ಮೇಲೆ ಬದುಕಬಾರದು. ಅದಕ್ಕೂ ಮೊದಲೇ ಆಲ್ಬರ್ಟ್ ಹೋವರ್ಡ್ ಅನ್ನುವ ವಿಜ್ಞಾನಿ ನಮ್ಮ ದೇಶದ ಇಂದೋರಿನಲ್ಲಿ 1924ರಿಂದ 1931ರವರೆಗೆ ಕೂತು ಕಸ, ಸಗಣಿ, ಗಂಜಲದಿಂದ ಕಾಂಪೋಸ್ಟ್ ಮಾಡುವ ಕ್ರಮವನ್ನು ರೂಪಿಸಿದ್ದರು. ಇಂದೋರ್ ಪದ್ಧತಿ ಅಂತ ಈಗಲೂ ಅದಕ್ಕೆ ಹೆಸರು. ಇಲ್ಲಿನ ರೈತರೂ ಇಲ್ಲಿನ ರೋಗ, ಕೀಟಗಳೂ ತನಗೆ ಗುರುಗಳು ಅನ್ನುವ ಅರ್ಥದ ಮಾತನ್ನು ಹೋವರ್ಡ್ ಬರೆದಿದ್ದಾರೆ. ನಮ್ಮ ತಿಪ್ಪೆ ಇಂಗ್ಲೆಂಡಿಗೆ ಹೋಗಿ, ಹೆಸರು ಬದಲಾಯಿಸಿಕೊಂಡು, ಆರ್ಗ್ಯಾನಿಕ್ ಆಗಿ ವಾಪಸ್ ಬಂದಿದೆ ಅಂದರೆ ಪೂರ್ತಿ ತಮಾಷೆಯೇನೂ ಅಲ್ಲ.

ಇದು ಗೊತ್ತಾದರೆ ಯೂರಿಯಾದ ಒಗಟು ಬಿಡಿಸಿಕೊಳ್ಳುತ್ತದೆ. ಗಂಜಲದಲ್ಲಿರುವ ಯೂರಿಯಾ ಮತ್ತು ಮಂಗಳೂರು ಪಕ್ಕದ ಪಣಂಬೂರಿನ ಕಾರ್ಖಾನೆಯ ಯೂರಿಯಾ ಎರಡರ ಅಣುವೂ ಒಂದೇ. ಗಿಡದ ಬೇರಿಗೆ ವ್ಯತ್ಯಾಸ ಗೊತ್ತಾಗಲ್ಲ. ಹಾಗಿದ್ದರೂ ಸಾವಯವದವರು ಚೀಲದ ಯೂರಿಯಾ ಬೇಡ ಅನ್ನೋದು ಅಣು ಕೆಟ್ಟದ್ದು ಅಂತಲ್ಲ. ಚೀಲದ ಯೂರಿಯಾದಲ್ಲಿ 46 ಶೇಕಡಾ ಸಾರಜನಕ. ಅದು ನೈಸರ್ಗಿಕ ಅನಿಲದಿಂದ ಜಲಜನಕ ತೆಗೆದು, ಅದನ್ನು ಗಾಳಿಯ ಸಾರಜನಕದ ಜೊತೆ ಬಲವಂತವಾಗಿ ಕೂಡಿಸಿ ಅಮೋನಿಯಾ ಮಾಡಿ, ಅಲ್ಲಿಂದ ತಯಾರಿಸಿದ್ದು. ಗಿಡಕ್ಕೆ ಹೆಚ್ಚುಕಮ್ಮಿ ನೇರ ಊಟ. ಮಣ್ಣಿನಲ್ಲಿರುವ ಜೀವಿಗಳಿಗೆ ಕೆಲಸವೂ ಕಮ್ಮಿ, ತಿನ್ನಲು ಇಂಗಾಲವೂ ಇಲ್ಲದಂತೆಯೇ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ತೀರಾ ಕಮ್ಮಿ. ಆದರೆ ಅದು ಮೊದಲು ಮಣ್ಣನ್ನು ಸಾಕುತ್ತದೆ, ಆಮೇಲೆ ಮಣ್ಣು ಗಿಡವನ್ನು ಸಾಕುತ್ತದೆ. ಸಾವಯವ ಕೃಷಿಯ ತಕರಾರು ವಸ್ತುವಿನ ಮೇಲಲ್ಲ, ದಾರಿಯ ಮೇಲೆ. ಈ ತಕರಾರು ಎಲ್ಲ ಕಡೆಯೂ ಸರಿಯೋ ಅಲ್ಲವೋ, ಇಳುವರಿ ಎಷ್ಟು ಬಿಟ್ಟುಕೊಡಬೇಕಾಗುತ್ತದೆ ಅನ್ನೋದು ಬೇರೆ ಚರ್ಚೆ. ಆದರೆ ತಕರಾರು ಏನು ಅಂತ ಮೊದಲು ಗೊತ್ತಿರಬೇಕಲ್ವಾ?

ಬೋರ್ಡೋ ದ್ರಾವಣದ ಒಗಟು ಇನ್ನೂ ಸ್ವಾರಸ್ಯ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಔಷಧಿ ಅದು. ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆ ರೋಗದ ಬಗ್ಗೆ 1910ರಲ್ಲಿ ಬರೆದರು. ಅಲ್ಲಿಂದ ಈಚೆಗೆ ಮಲೆನಾಡಿನ ಮಳೆಗಾಲ ಅಂದರೆ ಬೋರ್ಡೋ ಅನ್ನುವಷ್ಟು ಅದು ರೂಢಿಯಾಗಿದೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರಿಗೆ ಮೈಲುತುತ್ತ ಕರಗಿಸಿ, ಇನ್ನೊಂದರಲ್ಲಿ 50 ಲೀಟರಿಗೆ ಸುಣ್ಣ ಕಲಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತಾ ಹೊಯ್ಯುತ್ತಾರೆ. ಒಳ್ಳೇ ಆಕಾಶನೀಲಿ ಬಣ್ಣ ಬರುತ್ತದೆ. ಆಮೇಲೆ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಬೇಕು. ಇಲ್ಲದಿದ್ದರೆ ಕಾಯಿ, ಸಿಂಗಾರ (ಅಡಿಕೆಯ ಹೂಗೊನೆ) ಸುಟ್ಟುಹೋಗುತ್ತದೆ. ಲ್ಯಾಬ್ ಇಲ್ಲದೆ ಮಾಡುವ ಅಚ್ಚುಕಟ್ಟಾದ ಕೆಮಿಸ್ಟ್ರಿ ಇದು.

ಇದನ್ನು ಸಾವಯವದಲ್ಲಿ ಯಾಕೆ ಬಳಸಲು ಬಿಟ್ಟಿದ್ದಾರೆ? ಗಣಿಯಿಂದ ಬರುವ ಖನಿಜಗಳಿಂದ ಆದದ್ದು, ಕಾರ್ಖಾನೆಯಲ್ಲಿ ಹೊಸದಾಗಿ ಕಟ್ಟಿದ ಅಣು ಅಲ್ಲ, ಹಿಂದಿನಿಂದ ಬಳಕೆಯಲ್ಲಿದೆ, ಇದಕ್ಕೆ ಸಾಟಿಯಾದ ಬದಲಿ ಇನ್ನೂ ಸರಿಯಾಗಿ ಸಿಕ್ಕಿಲ್ಲ. ಕಾರಣ ಇಷ್ಟೇ. ಹಾಗಂತ ಅದರಿಂದ ಅಪಾಯವೇ ಇಲ್ಲ ಅಂತಲ್ಲ. ತಾಮ್ರ ಕೊಳೆಯುವುದಿಲ್ಲ, ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ಎರೆಹುಳುಗಳಿಗೆ ಒಳ್ಳೇದಲ್ಲ. ಅದಕ್ಕೇ ಯುರೋಪಿನಲ್ಲಿ ಹೆಕ್ಟೇರಿಗೆ 7 ವರ್ಷಕ್ಕೆ 28 ಕೆಜಿ ತಾಮ್ರ ಮೀರಬಾರದು ಅಂತ ಕಟ್ಟು ಹಾಕಿದ್ದಾರೆ. ‘ಸಾವಯವದಲ್ಲಿ ಯಾವ ಔಷಧಿಯೂ ಹೊಡೆಯಲ್ಲ’ ಅನ್ನುವುದು ಹೀಗೆ ಅರ್ಧ ಸತ್ಯ. ಹೊಡೆಯುತ್ತಾರೆ, ಯಾವುದು ಅನ್ನುವುದಕ್ಕೆ ಪಟ್ಟಿ ಇದೆ.

ಈಗ ನಮ್ಮದೇ ಕೆಲವು ಪದಗಳು ಒಂದರೊಳಗೊಂದು ನುಗ್ಗಿ ಮಾಡಿರುವ ಗಲಾಟೆ ನೋಡಿ. ಸಾವಯವ ಗೊಬ್ಬರ ಅಂದರೆ ಕಾಂಪೋಸ್ಟ್, ಕೊಟ್ಟಿಗೆ ಗೊಬ್ಬರ, ಹಿಂಡಿ. ಜೈವಿಕ ಗೊಬ್ಬರ ಅಂದರೆ ರೈಜೋಬಿಯಂ, ಅಜೋಸ್ಪಿರಿಲಮ್ ಥರದ ಜೀವಾಣುಗಳ ಪುಡಿ ಅಥವಾ ದ್ರವ. ಎರಡೂ ಬೇರೆ. ಆದರೆ ಹಿಂದಿಯಲ್ಲಿ ಸಾವಯವ ಕೃಷಿಗೇ ‘ಜೈವಿಕ್ ಖೇತಿ’ ಅನ್ನುತ್ತಾರೆ, ಕೇಂದ್ರ ಸರ್ಕಾರದ ಲೋಗೊ ಹೆಸರೂ ‘ಜೈವಿಕ ಭಾರತ’. ಇನ್ನು ನೈಸರ್ಗಿಕ ಕೃಷಿಯವರು ನಮ್ಮದು ಸಾವಯವ ಅಲ್ಲವೇ ಅಲ್ಲ ಅಂತ ಖಡಕ್ಕಾಗಿ ಹೇಳುತ್ತಾರೆ. ಸುಭಾಷ್ ಪಾಳೇಕರ್ ಅವರ ವಾದವೇ ಅದು. ಗಾಡಿಗಟ್ಟಲೆ ಗೊಬ್ಬರ, ಎರೆಗೊಬ್ಬರ ತಂದು ಹಾಕುವುದೂ ಹೊರಗಿನ ಮೇಲೆ ಅವಲಂಬನೆಯೇ. ಅದರ ಬದಲು 200 ಲೀಟರ್ ನೀರಿಗೆ 10 ಕೆಜಿ ನಾಟಿ ಹಸುವಿನ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು ಕಲಸಿ ಎರಡು ದಿನ ಬಿಟ್ಟ ಜೀವಾಮೃತ ಸಾಕು, ಮಣ್ಣಿನ ಜೀವಾಣುಗಳನ್ನು ಎಬ್ಬಿಸಿದರೆ ಉಳಿದದ್ದು ಅವೇ ನೋಡಿಕೊಳ್ಳುತ್ತವೆ ಅನ್ನುತ್ತಾರೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು, ವ್ಯತ್ಯಾಸ ಮಾತ್ರ ಅವರಿಗೆ ಬಹಳ ಮುಖ್ಯ.

ಇದರ ಜೊತೆ ‘ನಾಟಿ’, ‘ಜವಾರಿ’. ನಾಟಿ ಟೊಮೇಟೊ, ಜವಾರಿ ಬದನೆ, ನಾಟಿ ಕೋಳಿ ಅಂದರೆ ಅದು ತಳಿಯ ಮಾತು. ಜವಾರಿ ಸೌತೆಗೂ ಮೂಟೆ ಗೊಬ್ಬರ ಹಾಕಬಹುದು, ಹೈಬ್ರಿಡ್ ಬೀಜವನ್ನೂ ಸಾವಯವ ಕ್ರಮದಲ್ಲಿ ಬೆಳೆಯಬಹುದು. ಪೇಟೆಯ ಅಂಗಡಿಗಳಲ್ಲಿ ಮಾತ್ರ ನಾಟಿ, ಸಾವಯವ, ನೈಸರ್ಗಿಕ, ಕೆಮಿಕಲ್ ಫ್ರೀ, ಗಾಣದ ಎಣ್ಣೆ, ಸಿರಿಧಾನ್ಯ ಎಲ್ಲ ಒಂದೇ ಕಪಾಟಿನಲ್ಲಿ ಕೂತು ಒಂದೇ ಜಾತಿ ಆಗಿಬಿಟ್ಟಿವೆ.

ಬೆಲ್ಲ ಇದಕ್ಕೆ ಒಳ್ಳೇ ಉದಾಹರಣೆ. ಬೆಲ್ಲ ಕಪ್ಪಗಿದ್ದರೆ ಆರ್ಗ್ಯಾನಿಕ್, ಹಳದಿ ಇದ್ದರೆ ಕೆಮಿಕಲ್ ಅನ್ನುವುದು ಈಗ ಮನೆಮಾತು. ಆಲೆಮನೆಯಲ್ಲಿ ಏನಾಗುತ್ತದೆ ನೋಡಿ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸುವಾಗ ಮೇಲೆ ಬರುವ ಕಲ್ಮಶ ತೆಗೆಯಬೇಕು. ಅದಕ್ಕೆ ಸುಣ್ಣ, ಬೆಂಡೆ ಗಿಡದ ಲೋಳೆ ಹಾಕುವುದು ಹಳೇ ಕ್ರಮ. ಪೇಟೆಯಲ್ಲಿ ಬೆಳ್ಳಗಿರುವ ಬೆಲ್ಲಕ್ಕೆ ಬೆಲೆ ಜಾಸ್ತಿ ಅಂತ ಹೈಡ್ರೋಸ್ ಅನ್ನುವ, ಬಣ್ಣ ಬಿಳಿಚಿಸುವ ಕೆಮಿಕಲ್ ಹಾಕುವುದು ಶುರುವಾಯಿತು. ಹೈಡ್ರೋಸ್ ಹಾಕದ ಬೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ, ನಿಜ. ಆದರೆ ಆ ಕಬ್ಬಿಗೆ ಗದ್ದೆಯಲ್ಲಿ ಎಷ್ಟು ಚೀಲ ಯೂರಿಯಾ ಬಿದ್ದಿದೆ ಅಂತ ಬಣ್ಣ ಹೇಳುವುದಿಲ್ಲ. ಕಳೆನಾಶಕ ಹೊಡೆದರೋ ಇಲ್ಲವೋ ಅದನ್ನೂ ಹೇಳುವುದಿಲ್ಲ. ಹಾಗಾಗಿ ಅದು ‘ಕೆಮಿಕಲ್ ಹಾಕದೆ ಕಾಯಿಸಿದ ಬೆಲ್ಲ’ ಇರಬಹುದು, ‘ಸಾವಯವ ಬೆಲ್ಲ’ ಆಗಲೇಬೇಕೆಂದಿಲ್ಲ. ಎರಡನೇದು ಆಗಬೇಕಾದರೆ ಗದ್ದೆಯಿಂದ ಅಚ್ಚಿನವರೆಗೆ ಎಲ್ಲವೂ ಸರಿ ಇರಬೇಕು. ಇನ್ನು ಪಾಕವನ್ನು ಜಾಸ್ತಿ ಕಾಯಿಸಿದರೂ ಬೆಲ್ಲ ಕಪ್ಪಾಗುತ್ತದೆ, ಅದಕ್ಕೆ ಯಾರ ಸರ್ಟಿಫಿಕೇಟೂ ಬೇಡ.

ಹಾಗಾದರೆ ಕಾನೂನು ಏನನ್ನುತ್ತದೆ? ಆಹಾರದ ವಿಷಯದಲ್ಲಿ ನಮ್ಮ ದೇಶದಲ್ಲಿ ನಿಯಮ ಇದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2017ರಲ್ಲಿ ನಿಯಮ ಮಾಡಿ, 2018ರ ಜುಲೈನಿಂದ ಜಾರಿಗೆ ತಂದಿತು. ಪೊಟ್ಟಣದ ಮೇಲೆ ಆರ್ಗ್ಯಾನಿಕ್ ಅಂತ ಹಾಕಬೇಕಾದರೆ ಎರಡರಲ್ಲಿ ಒಂದು ಕ್ರಮದಲ್ಲಿ ಸರ್ಟಿಫಿಕೇಟ್ ಇರಬೇಕು. ಒಂದು ಎನ್‌ಪಿಒಪಿ, ವಾಣಿಜ್ಯ ಸಚಿವಾಲಯದ್ದು. ಹೊರಗಿನ ಸಂಸ್ಥೆಯವರು ಬಂದು ತಪಾಸಣೆ ಮಾಡುತ್ತಾರೆ. ರಫ್ತಿಗೆ ಇದೇ ಬೇಕು, ಖರ್ಚು ಜಾಸ್ತಿ. ಇನ್ನೊಂದು ಪಿಜಿಎಸ್, ಕೃಷಿ ಸಚಿವಾಲಯದ್ದು. ಊರಿನ ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಸಾಕ್ಷಿ ಹೇಳುತ್ತಾರೆ. ಪಕ್ಕದ ಹೊಲದವನ ಕಣ್ಣು ತಪ್ಪಿಸಿ ರಾತ್ರೋರಾತ್ರಿ ಗೊಬ್ಬರ ಚೆಲ್ಲೋದು ಸುಲಭ ಅಲ್ಲ ಅನ್ನುವುದು ಇದರ ಹಿಂದಿನ ಲೆಕ್ಕ. ಹಳ್ಳಿ ಗೊತ್ತಿರುವವರಿಗೆ ಇದರ ಬಲವೂ ಗೊತ್ತು, ದಾಕ್ಷಿಣ್ಯದ ತೊಂದರೆಯೂ ಗೊತ್ತು. ತಾನೇ ಬೆಳೆದು ನೇರವಾಗಿ ಗಿರಾಕಿಗೆ ಮಾರುವ ಸಣ್ಣ ರೈತರಿಗೆ ವಿನಾಯಿತಿ ಇದೆ. ಆದ್ದರಿಂದ ಸಂತೆಯಲ್ಲಿ ಸೊಪ್ಪು ಮಾರುವ ಅಮ್ಮನ ಹತ್ತಿರ ಲೋಗೊ ಕೇಳಬೇಡಿ.

ಈ ಸರ್ಟಿಫಿಕೇಟು ಏನನ್ನು ಹೇಳುತ್ತದೆ ಅನ್ನುವುದನ್ನೂ ಜನ ತಪ್ಪು ತಿಳಿಯುತ್ತಾರೆ. ಅದು ‘ಈ ಅಕ್ಕಿಯಲ್ಲಿ ವಿಷದ ಒಂದು ಕಣವೂ ಇಲ್ಲ’ ಅನ್ನುವ ಮಾತಲ್ಲ. ‘ಈ ಅಕ್ಕಿಯನ್ನು ಇಂಥ ಕ್ರಮದಲ್ಲಿ ಬೆಳೆದರು’ ಅನ್ನುವ ಮಾತು. ಗಾಳಿಯಲ್ಲಿ ಪಕ್ಕದ ಗದ್ದೆಯ ಔಷಧಿ ತೇಲಿ ಬರಬಹುದು, ಕಾಲುವೆ ನೀರಿನಲ್ಲಿ ಬರಬಹುದು. ಅದಕ್ಕೇ ಬದುವಿನ ಪಕ್ಕ ತಡೆಪಟ್ಟಿ ಬಿಡಬೇಕು ಅನ್ನುವ ನಿಯಮ. ಪರಿವರ್ತನೆಯ ಅವಧಿಯೂ ಇದೆ. ಎನ್‌ಪಿಒಪಿ ಪ್ರಕಾರ ರಾಗಿ, ಭತ್ತದಂಥ ಬೆಳೆಗೆ ಬಿತ್ತನೆಗೆ ಮುಂಚೆ ಕನಿಷ್ಠ 2 ವರ್ಷ, ಅಡಿಕೆ, ತೆಂಗು, ಕಾಫಿಯಂಥ ಬಹುವಾರ್ಷಿಕಕ್ಕೆ ಕೊಯ್ಲಿಗೆ ಮುಂಚೆ 3 ವರ್ಷ. ಅಷ್ಟು ದಿನ ಇಳುವರಿ ಕಮ್ಮಿ, ಬೆಲೆಯೂ ಸಾಮಾನ್ಯದ್ದೇ. ರೈತರಿಗೆ ಕಷ್ಟದ ಕಾಲ ಅದು. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿ ಇಡೀ ದೇಶ ಸಾವಯವ ಅಂದಿತು. ಅದೇ ವರ್ಷ ನವೆಂಬರಿನಲ್ಲಿ ಆದೇಶ ವಾಪಸ್ ತೆಗೆದುಕೊಂಡಿತು. ಗೊಬ್ಬರ ನಿಲ್ಲಿಸಿದ ತಕ್ಷಣ ಹೊಲ ಸಾವಯವ ಆಗಲ್ಲ, ಗೊಬ್ಬರ ಇಲ್ಲದ ಹೊಲ ಆಗುತ್ತದೆ ಅಷ್ಟೇ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು, ಇಂಥ ನೀತಿ ತಂದ ಮೊದಲ ರಾಜ್ಯ ನಮ್ಮದು. ಬಲವಂತ ಮಾಡಲಿಲ್ಲ, ಒಳ್ಳೇದೇ ಆಯಿತು.

ತಿಂದರೆ ಜಾಸ್ತಿ ಪೌಷ್ಟಿಕವಾ ಅಂದರೆ, 2012ರಲ್ಲಿ ಸ್ಟ್ಯಾನ್‌ಫೋರ್ಡ್‌ನವರು ಹಿಂದಿನ ಹಲವಾರು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ವಿಟಮಿನ್ನುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೀಟನಾಶಕದ ಶೇಷ ಮಾತ್ರ ಸಾವಯವದಲ್ಲಿ ಕಮ್ಮಿ ಇತ್ತು. ಔಷಧಿ ಹೊಡೆಯುವ ಕೂಲಿಯವರ ಶ್ವಾಸಕೋಶಕ್ಕೆ, ಕೆರೆಯ ನೀರಿಗೆ ಆಗುವ ವ್ಯತ್ಯಾಸ ತಟ್ಟೆಯಲ್ಲಿ ಕಾಣಲ್ಲ. ನನ್ನ ಮಟ್ಟಿಗೆ ಸಾವಯವದ ಪರ ಇರುವ ಗಟ್ಟಿ ಕಾರಣ ಅದು, ವಿಟಮಿನ್ ಅಲ್ಲ.

ಹೊರದೇಶದಲ್ಲಿರುವ ನಮ್ಮವರಿಗೆ ಒಂದೆರಡು ಮಾತು. ಅಮೆರಿಕದಲ್ಲಿ ಅಲ್ಲಿನ ಕೃಷಿ ಇಲಾಖೆಯ ಯುಎಸ್‌ಡಿಎ ಆರ್ಗ್ಯಾನಿಕ್ ಗುರುತು ಇದ್ದರೆ ಒಳಗಿರುವುದರಲ್ಲಿ ಕನಿಷ್ಠ 95 ಶೇಕಡಾ ಸಾವಯವ. ‘ಸಾವಯವ ಪದಾರ್ಥಗಳಿಂದ ಮಾಡಿದ್ದು’ ಅಂತಿದ್ದರೆ 70. ನೀರು ಮತ್ತು ಉಪ್ಪನ್ನು ಈ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ, ಯಾಕೆಂದರೆ ಅವನ್ನು ಯಾರೂ ಬೆಳೆಯುವುದಿಲ್ಲ. ಹಾಗಾಗಿ ಆರ್ಗ್ಯಾನಿಕ್ ಉಪ್ಪು ಅಂತ ಯಾರಾದರೂ ಮಾರಿದರೆ ಕೆಮಿಸ್ಟ್ರಿಯವರೂ ನಗುತ್ತಾರೆ, ಕೃಷಿಯವರೂ ನಗುತ್ತಾರೆ. ಜರ್ಮನಿಯಲ್ಲಿ ಇದೇ ಮಾಲಿಗೆ ‘ಬಯೋ’ ಅನ್ನುತ್ತಾರೆ. ಮಣ್ಣೇ ಇಲ್ಲದೆ ನೀರಿನಲ್ಲಿ ಬೆಳೆದ ಸೊಪ್ಪು ಅಮೆರಿಕದಲ್ಲಿ ಆರ್ಗ್ಯಾನಿಕ್ ಆಗಬಹುದು, ಯುರೋಪಿನಲ್ಲಿ ಆಗಲ್ಲ. ಹೊಲವೇ ಜೀವಿ ಅಂದ ನಾರ್ತ್‌ಬೋರ್ನ್ ಇದ್ದಿದ್ದರೆ ಯುರೋಪಿನ ಪರವೇ ನಿಲ್ಲುತ್ತಿದ್ದರು ಅಂತ ನನ್ನ ಊಹೆ.

ಶಾಂಪೂ, ಸೋಪು, ಮುಖಕ್ಕೆ ಹಚ್ಚುವ ಕ್ರೀಮು ಬೇರೆ ಕತೆ. ಎಫ್‌ಎಸ್‌ಎಸ್‌ಎಐ ನಿಯಮ ಆಹಾರಕ್ಕೆ ಮಾತ್ರ. ಬಟ್ಟೆಗೆ ಜಿಒಟಿಎಸ್ ಅನ್ನುವ ಅಂತರರಾಷ್ಟ್ರೀಯ ಗುರುತು ಇದೆ, ಅಲ್ಲೂ 95, 70ರ ಲೆಕ್ಕವೇ. ಶಾಂಪೂ ಬಾಟಲಿ ಮೇಲೆ ಬರೀ ಹಸಿರು ಎಲೆಯ ಚಿತ್ರ ಇದ್ದು ಯಾವ ಸಂಸ್ಥೆಯ ಹೆಸರೂ ಇಲ್ಲದಿದ್ದರೆ, ಆ ಎಲೆ ಪ್ರಿಂಟರಿನಿಂದ ಬಂದದ್ದು ಅಂತ ತಿಳಿಯಿರಿ.

ಆಸ್ಪತ್ರೆಯಲ್ಲಿ ಇದೇ ಪದ ಇನ್ನೊಂದು ಥರ ಕಾಡುತ್ತದೆ. ಸ್ಕ್ಯಾನು, ಎಂಡೋಸ್ಕೋಪಿ, ರಕ್ತ ಪರೀಕ್ಷೆ ಎಲ್ಲ ಆದ ಮೇಲೆ ಡಾಕ್ಟರು ‘ಆರ್ಗ್ಯಾನಿಕ್ ಏನೂ ಇಲ್ಲ’ ಅನ್ನುತ್ತಾರೆ. ಅಂದರೆ ಅಂಗದಲ್ಲಿ ಹುಣ್ಣು, ಗಡ್ಡೆ, ಊತದಂಥ ಕಣ್ಣಿಗೆ ಬೀಳುವ ಹಾನಿ ಸಿಕ್ಕಿಲ್ಲ ಅಂತ. ಇಲ್ಲಿ ಅದರ ಎದುರು ಪದ ‘ಫಂಕ್ಷನಲ್’. ಅಂಗ ಸರಿ ಇದೆ, ಅದು ನಡೆಯುವ ರೀತಿ ಸರಿ ಇಲ್ಲ. ಐಬಿಎಸ್ ಅನ್ನುವ ಹೊಟ್ಟೆ ತೊಂದರೆ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಕರುಳು ನೋಡಲು ಚೆನ್ನಾಗಿಯೇ ಇರುತ್ತದೆ, ನೋವೂ ನಿಜ. ಆದರೆ ಮನೆಯವರಿಗೆ ಅದು ಕೇಳಿಸುವುದು ‘ನಿಮಗೇನೂ ಇಲ್ಲ, ಎಲ್ಲ ಮನಸ್ಸಿನದ್ದು’ ಅಂತ. ಅಲ್ಲಿಂದ ಶುರು, ‘ಸುಮ್ನೆ ನಾಟಕ ಮಾಡ್ತಾಳೆ’. ಮನೋವೈದ್ಯರಿಗೂ ಈ ಪದ ಮುಜುಗರ ತಂದಿದೆ. ಡಿಮೆನ್ಷಿಯಾ, ಜ್ವರದ ಸನ್ನಿ ಇಂಥವನ್ನು ‘ಆರ್ಗ್ಯಾನಿಕ್ ಮಾನಸಿಕ ಕಾಯಿಲೆ’ ಅಂತ ಗುಂಪು ಮಾಡಿದರೆ ಉಳಿದ ಮಾನಸಿಕ ಕಾಯಿಲೆಗಳಿಗೆ ಮಿದುಳಿನಲ್ಲಿ ಮೂಲವೇ ಇಲ್ಲ ಅಂದಂತಾಗುತ್ತದೆ. ಹಾಗಾಗಿ ಅಮೆರಿಕದ ಮನೋವೈದ್ಯರ ಕೈಪಿಡಿ 1994ರಲ್ಲಿ ಆ ಗುಂಪಿನ ಹೆಸರನ್ನೇ ಕೈಬಿಟ್ಟಿತು. ಡಾಕ್ಟರು ಹಾಗಂದಾಗ ‘ಸರಿ, ಹಾಗಾದರೆ ಇದು ಫಂಕ್ಷನಲ್ಲಾ? ಅದಕ್ಕೆ ಏನು ಮಾಡಬೇಕು?’ ಅಂತ ಕೇಳಿ. ಚಿಕಿತ್ಸೆ ಅದಕ್ಕೂ ಇದೆ.

ಜೀವಿಯ ಹಾಗೆ ಹೊಂದಿಕೊಂಡಿರುವುದು ಅನ್ನುವ ಎರಡನೇ ಕವಲು ಕಲೆಗೂ ಹೋಗಿದೆ. ನವ್ಯ ವಿಮರ್ಶಕರು ಒಂದು ಪದ್ಯದಲ್ಲಿ ಒಂದು ಸಾಲು ಕಿತ್ತರೂ ಇಡೀ ಪದ್ಯಕ್ಕೆ ಪೆಟ್ಟಾಗಬೇಕು ಅನ್ನುವ ಅರ್ಥದಲ್ಲಿ ‘ಸಾವಯವ’ ಅಂದರು. ಬೆಟ್ಟ, ಬಂಡೆಗೆ ಹೊಂದಿಕೊಂಡು ಬೆಳೆದಂತೆ ಕಟ್ಟುವ ಮನೆಗಳಿಗೆ ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ‘ಆರ್ಗ್ಯಾನಿಕ್ ವಾಸ್ತುಶಿಲ್ಪ’ ಅಂದರು. ಕಂಪನಿಗಳೂ ಬಿಡಲಿಲ್ಲ. ಬೇರೆ ಕಂಪನಿ ಕೊಂಡುಕೊಳ್ಳದೆ ತನ್ನ ವ್ಯಾಪಾರದಿಂದಲೇ ಬೆಳೆದರೆ ಆರ್ಗ್ಯಾನಿಕ್ ಬೆಳವಣಿಗೆ.

ಅಲ್ಲಿಂದ ಇಂಟರ್‌ನೆಟ್ಟಿಗೆ ಒಂದೇ ಹೆಜ್ಜೆ. ಗೂಗಲ್ಲಿನಲ್ಲಿ ಹುಡುಕಿದಾಗ ದುಡ್ಡು ಕೊಟ್ಟ ಜಾಹೀರಾತುಗಳನ್ನು ಬಿಟ್ಟು ಉಳಿದವು ಆರ್ಗ್ಯಾನಿಕ್ ಫಲಿತಾಂಶ. ಬೂಸ್ಟ್ ಮಾಡಿಸದೆ ಎಷ್ಟು ಜನರಿಗೆ ಪೋಸ್ಟು ಮುಟ್ಟಿತೋ ಅದು ಆರ್ಗ್ಯಾನಿಕ್ ರೀಚ್. ಚುನಾವಣೆ ಹೊತ್ತಿನಲ್ಲಿ ಒಂದು ಹ್ಯಾಶ್‌ಟ್ಯಾಗು ಟ್ರೆಂಡ್ ಆದರೆ ಎದುರು ಪಕ್ಷದವರ ಮೊದಲ ಮಾತೇ ‘ಇದು ಆರ್ಗ್ಯಾನಿಕ್ ಅಲ್ಲ’. ಇಲ್ಲಿ ಕೆಮಿಕಲ್ಲಿನ ಜಾಗದಲ್ಲಿ ದುಡ್ಡು ಬಂದು ಕೂತಿದೆ. ಹಾಗಂತ ಆರ್ಗ್ಯಾನಿಕ್ ಅಂದರೆ ತನ್ನಷ್ಟಕ್ಕೆ ಆದದ್ದು ಅಂತಲೂ ಅಲ್ಲ. ಗೂಗಲ್ಲಿನಲ್ಲಿ ಮೇಲೆ ಬರಲು ಎಸ್‌ಇಒ ಮಾಡುವವರಿಗೆ ತಿಂಗಳ ಸಂಬಳ ಕೊಡುತ್ತಾರೆ. ಆದರೆ ದುಡ್ಡು ಗೂಗಲ್ಲಿಗೆ ಹೋಗಿಲ್ಲವಾದ್ದರಿಂದ ಅದು ಆರ್ಗ್ಯಾನಿಕ್ಕೇ.

ಒಂದೇ ರೀಲಿನಲ್ಲಿ ಎರಡು ಆರ್ಗ್ಯಾನಿಕ್ಕುಗಳು ಡಿಕ್ಕಿ ಹೊಡೆಯುವುದೂ ಉಂಟು. ಪ್ರಸಿದ್ಧರೊಬ್ಬರು ಅಡುಗೆಮನೆಯಲ್ಲಿ ನಿಂತು ‘ನಾವು ಮನೆಯಲ್ಲಿ ಬಳಸೋದು ಇದೇ ಆರ್ಗ್ಯಾನಿಕ್ ತುಪ್ಪ’ ಅನ್ನುತ್ತಾರೆ. ತುಪ್ಪಕ್ಕೆ ಸರ್ಟಿಫಿಕೇಟ್ ಇರಬಹುದು. ಆದರೆ ಆ ಮಾತಿಗೆ ಕಂಪನಿ ದುಡ್ಡು ಕೊಟ್ಟಿರುತ್ತದೆ. ಜಾಹೀರಾತು ಮಂಡಳಿಯ 2021ರ ಸೂಚನೆ ಪ್ರಕಾರ ಅಂಥ ರೀಲಿನ ಮೇಲೆ ಇದು ಜಾಹೀರಾತು ಅಂತ ಎದ್ದು ಕಾಣುವ ಹಾಗೆ ಹಾಕಬೇಕು. ಹಾಕಿದ್ದಾರಾ ಅಂತ ಮುಂದಿನ ಸಲ ನೋಡಿ. ಹಾಗೇ ತುಪ್ಪದ ಡಬ್ಬಿಯ ಹಿಂದೆ ಜೈವಿಕ ಭಾರತದ ಗುರುತು ಇದೆಯಾ ಅಂತಲೂ ನೋಡಿ.